ಗುಂಪಿಗೆ ಕೈಕೊಟ್ಟ ಅಧ್ಯಕ್ಷ

ಪತ್ರ: ನಿಮ್ಮ ಅಮೆರಿಕ ಅಧ್ಯಕ್ಷರ ಲೇಖನಮಾಲೆಯಲ್ಲಿ ಲಿಂಕನ್, ರೂಸ್‌ವೆಲ್ಟ್ ಇರಲಿ. ಚೆಸ್ಟರ್ ಆರ್ಥರ್ ಎಂಬ ಪುಡಾರಿಗೆ ಎರಡು ಪುಟ ಯಾಕೆ? ಚುನಾವಣೆಯಲ್ಲಿ ಏಟು ಬಿದ್ದ ಮೇಲೆ ಒಂದು ಕಾಯ್ದೆಗೆ ಸಹಿ ಹಾಕಿದ್ದು ಬಿಟ್ಟರೆ ಆತ ಮಾಡಿದ್ದೇನು?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಪುಡಾರಿ ಎಂದಿರಿ, ಒಪ್ಪಿದೆ. ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಯ ಮುಖ್ಯಸ್ಥನಾಗಿದ್ದಾಗ ಆರ್ಥರ್ ಅಲ್ಲಿ ತನ್ನ ಪಕ್ಷದವರನ್ನೇ ತುಂಬಿಕೊಂಡಿದ್ದ. ನೌಕರರು ಸಂಬಳದಲ್ಲಿ ಒಂದು ಪಾಲನ್ನು ಪಕ್ಷಕ್ಕೆ ಕಕ್ಕಬೇಕಿತ್ತು. 1878ರಲ್ಲಿ ಅಧ್ಯಕ್ಷ ಹೇಯ್ಸ್ ಅವನನ್ನು ಆ ಕುರ್ಚಿಯಿಂದ ಇಳಿಸಿದ್ದೂ ಸುಳ್ಳಲ್ಲ. 1882ರ ಸಂಸತ್ ಚುನಾವಣೆಯ ಸೋಲು ಅವನ ರಿಪಬ್ಲಿಕನ್ ಪಕ್ಷವನ್ನು ಹೆದರಿಸಿತ್ತೆಂಬ ನಿಮ್ಮ ಮಾತೂ ಸರಿ.

ಆದರೆ ಸ್ವಾಮಿ, ಅಷ್ಟಕ್ಕೇ ನಿಲ್ಲಿಸಿಬಿಟ್ಟಿರಲ್ಲ! 1881ರ ಜುಲೈ 2ರಂದು ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡಿಟ್ಟವನು ಹುದ್ದೆಗಾಗಿ ಅಲೆದಲೆದು ತಲೆಕೆಟ್ಟ ಗಿಟೋ. ಹೊಡೆದ ಮೇಲೆ, ಇನ್ನು ಆರ್ಥರೇ ಅಧ್ಯಕ್ಷ ಎಂದು ಕೂಗಿದ. ಉಪಾಧ್ಯಕ್ಷನಾಗಿದ್ದ ಆರ್ಥರ್‌ನ ಮೇಲೆ ಸಂಶಯದ ಕಣ್ಣು ಬೀಳಲು ಇನ್ನೇನು ಬೇಕು? ಗಾರ್‌ಫೀಲ್ಡ್ ಹಾಸಿಗೆ ಹಿಡಿದಿದ್ದಾಗಲೇ ಆಗಸ್ಟ್‌ನಲ್ಲಿ ಆರ್ಥರ್‌ಗೊಂದು ಕಾಗದ ಬಂತು. ಬರೆದವಳು ಜೂಲಿಯಾ ಸ್ಯಾಂಡ್, ನ್ಯೂಯಾರ್ಕಿನ ಮೂವತ್ತೊಂದರ ಹೆಣ್ಣುಮಗಳು, ಕಾಯಿಲೆಯಿಂದ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದವಳು. ನಿನ್ನಲ್ಲಿ ದೊಡ್ಡತನದ ಕಿಡಿಯಿದ್ದರೆ ತೋರಿಸಲು ಇದೇ ಹೊತ್ತು, ರಾಜೀನಾಮೆ ಕೊಡು ಅನ್ನುವುದಿಲ್ಲ, ಅದಕ್ಕಿಂತ ಕಷ್ಟದ ಕೆಲಸ ಮಾಡು, ತಿದ್ದಿಕೋ ಎಂಬ ಧಾಟಿ. ಅರ್ಜಿಯಲ್ಲ, ಹೊಗಳಿಕೆಯಲ್ಲ, ಗದರಿಕೆ! ಗಾರ್‌ಫೀಲ್ಡ್ ತೀರಿಕೊಂಡು ಆರ್ಥರ್ ಅಧ್ಯಕ್ಷನಾದ ಮೇಲೂ ಅವಳು ನಿಲ್ಲಿಸಲಿಲ್ಲ, ಹೀಗೆ ಇಪ್ಪತ್ತಮೂರು ಕಾಗದ ಬರೆದಳು. 1882ರ ಆಗಸ್ಟ್‌ನಲ್ಲಿ ಒಂದು ದಿನ ಅಧ್ಯಕ್ಷನೇ ಹೇಳದೆ ಕೇಳದೆ ಅವಳ ಮನೆಗೆ ಬಂದು ಕೂತ.

ಅದೇ ಆರ್ಥರ್ 1883ರ ಜನವರಿ 16ರಂದು ಪೆಂಡಲ್‌ಟನ್ ಕಾಯ್ದೆಗೆ ಸಹಿ ಹಾಕಿದ. ಪರೀಕ್ಷೆ ಪಾಸಾದವರಿಗೆ ಸರ್ಕಾರಿ ನೌಕರಿ, ಪಕ್ಷಕ್ಕೆ ಸಂಬಳದ ಪಾಲು ಬಂದ್. ಮೊದಲಿಗೆ ಹತ್ತರಲ್ಲಿ ಒಂದು ಹುದ್ದೆಗಷ್ಟೇ ಅನ್ವಯ, ನಿಜ. ಆದರೆ ಸಹಿ ಒತ್ತಿ ಕೈತೊಳೆದುಕೊಳ್ಳದೆ ಅದನ್ನು ಜಾರಿ ಮಾಡಲು ಆಯೋಗ ನೇಮಿಸಿದ, ತನ್ನನ್ನು ಬೆಳೆಸಿದ ಗುಂಪನ್ನೇ ಎದುರು ಹಾಕಿಕೊಂಡ. ಚೀನೀ ಕಾರ್ಮಿಕರಿಗೆ 20 ವರ್ಷ ಬಾಗಿಲು ಮುಚ್ಚುವ ಮಸೂದೆಯನ್ನು ವಾಪಸು ಕಳಿಸಿದವನೇ 10 ವರ್ಷದ್ದಕ್ಕೆ ಸಹಿ ಹಾಕಿದನಲ್ಲ, ಆ ಕಲೆ ಮಾತ್ರ ಹೋಗುವುದಿಲ್ಲ. ಎರಡನೇ ಅವಧಿಗೆ ಪಕ್ಷ ಟಿಕೆಟ್ ಕೊಡಲಿಲ್ಲ. ಮೂತ್ರಪಿಂಡದ ರೋಗ ಅಷ್ಟರಲ್ಲಿ ಅವನನ್ನು ಹಣ್ಣು ಮಾಡಿತ್ತು, 1886ರಲ್ಲಿ ತೀರಿಕೊಂಡ. ಸಾಯುವ ಮುನ್ನ ತನ್ನ ಕಾಗದಪತ್ರಗಳನ್ನು ಸುಡಿಸಿದ. ಆದರೂ ಜೂಲಿಯಾಳ ಕಾಗದಗಳು ಉಳಿದುಕೊಂಡವು. ಈಗ ಅಮೆರಿಕ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ನನ್ನ ಹೊಟ್ಟೆಕಿಚ್ಚು ಇಲ್ಲೇ. ನಮ್ಮಲ್ಲಿ ಅಧಿಕಾರದಲ್ಲಿರುವವರಿಗೆ ಜನ ಬರೆಯುವುದು ಎರಡೇ: ವರ್ಗಾವಣೆ ಅರ್ಜಿ, ಹುಟ್ಟುಹಬ್ಬದ ಫ್ಲೆಕ್ಸ್. ಶಾಸಕರ ಲೆಟರ್‌ಹೆಡ್ ಇಲ್ಲದೆ ಫೈಲು ಅಲುಗದು ಎಂದು ಗೊಣಗುವವರೇ ಮಗನಿಗೊಂದು ಲೆಟರ್‌ಹೆಡ್ ಸಿಗುತ್ತಾ ಎಂದು ನನ್ನ ಮೇಜಿನ ಮುಂದೆ ಕೂರುತ್ತಾರೆ, ಸಂಪಾದಕರಿಗೆ ಮಂತ್ರಿಗಳ ಪರಿಚಯ ಇರಲೇಬೇಕಲ್ಲ! ನೀವು ಹಾಗಲ್ಲ, ನನ್ನನ್ನೇ ತರಾಟೆಗೆ ತೆಗೆದುಕೊಂಡಿದ್ದೀರಿ. ಅದೇ ಪೆನ್ನಿನಲ್ಲಿ ನಿಮ್ಮ ಶಾಸಕರಿಗೂ ಒಂದು ಬರೆಯಿರಿ, ನಕಲು ನಮಗೆ ಕಳಿಸಿ. ಅಚ್ಚು ಹಾಕುತ್ತೇವೆ.