ಟೋಫು ಪ್ಯಾಕೆಟ್ ಇದೆ, ಸಿಹಿ ಏನು ಮಾಡೋಣ?

ಪ್ರಶ್ನೆ: ಊಟಕ್ಕೆ ನೆಂಟರು ಬರುತ್ತಿದ್ದಾರೆ. ಒಲೆ ಮುಂದೆ ನಿಲ್ಲುವಷ್ಟು ಸಮಯವಿಲ್ಲ, ಫ್ರಿಜ್‌ನಲ್ಲಿ ಒಂದು ಪ್ಯಾಕೆಟ್ ಟೋಫು ಇದೆ. ಬೇಗ ಆಗುವ ಸಿಹಿ ಏನಾದರೂ ಇದೆಯಾ?

ಇದೆ, ಚಾಕೊಲೇಟ್ ಮೂಸ್ ಮಾಡಿ, ಅಂದರೆ ಚಮಚದಲ್ಲಿ ತಿನ್ನುವ ಕೆನೆಯಂಥ ತಂಪು ಸಿಹಿ. ಆದರೆ ಮೊದಲು ಪ್ಯಾಕೆಟ್ ಮೇಲೆ ಏನು ಬರೆದಿದೆ ನೋಡಿ. ‘ಸಿಲ್ಕನ್’ ಅಂತ ಇದ್ದರೆ ಅರ್ಧ ಕೆಲಸ ಆದ ಹಾಗೆ. ಗಟ್ಟಿ ಟೋಫು ಮಾಡುವಾಗ ಸೋಯಾ ಹಾಲನ್ನು ಒಡೆಸಿ, ಮೇಲೆ ಭಾರ ಇಟ್ಟು ನೀರು ಹಿಂಡುತ್ತಾರೆ. ಸಿಲ್ಕನ್ ಟೋಫುವಿನಲ್ಲಿ ಹಿಂಡುವ ಕೆಲಸವೇ ಇಲ್ಲ, ಹಾಲು ನೀರಿನ ಸಮೇತ ಹಾಗೇ ಹೆಪ್ಪುಗಟ್ಟಿರುತ್ತದೆ. ಅದಕ್ಕೇ ಮಿಕ್ಸಿಗೆ ಹಾಕಿದ ತಕ್ಷಣ ಕೆನೆಯಂತೆ ನುಣ್ಣಗಾಗುತ್ತದೆ.

300 ಗ್ರಾಂ ಟೋಫುವಿಗೆ 150 ಗ್ರಾಂ ಡಾರ್ಕ್ ಚಾಕೊಲೇಟ್ ಸಾಕು. ಕೋಕೋ 60ರಿಂದ 70 ಪರ್ಸೆಂಟ್ ಇರುವುದನ್ನು ತೆಗೆದುಕೊಳ್ಳಿ. ಟೋಫುವನ್ನು ಫ್ರಿಜ್‌ನಿಂದ ಮೊದಲೇ ಹೊರಗೆ ತೆಗೆದಿಡಿ, ಇದನ್ನು ಮಾತ್ರ ಮರೀಬೇಡಿ. ಪ್ಯಾಕೆಟ್‌ನಲ್ಲಿರುವ ನೀರು ಚೆಲ್ಲಿ, ಟೋಫುವಿನ ಜೊತೆ 2 ಚಮಚ ಸಕ್ಕರೆ, ಅರ್ಧ ಚಮಚ ವೆನಿಲಾ, ಒಂದು ಚಿಟಿಕೆ ಉಪ್ಪು ಹಾಕಿ ತಿರುಗಿಸಿ. ಒಂದು ಸಲ ನಿಲ್ಲಿಸಿ, ಜಾರಿನ ಬದಿಗೆ ಮೆತ್ತಿಕೊಂಡಿದ್ದನ್ನು ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಚಾಕೊಲೇಟ್ ಕರಗಿಸಿ, ಬಿಸಿ ಸ್ವಲ್ಪ ಆರಿದ ಮೇಲೆ ಅದನ್ನೂ ಸುರಿದು ಇನ್ನೊಂದು ಸುತ್ತು. ಬಟ್ಟಲುಗಳಿಗೆ ಹಾಕಿ ಫ್ರಿಜ್‌ಗೆ ಇಟ್ಟುಬಿಡಿ. ನಿಮ್ಮ ಕೈಕೆಲಸ ಹತ್ತು ನಿಮಿಷ, ಗಟ್ಟಿಯಾಗಲು ಒಂದೆರಡು ಗಂಟೆ. ನಾಲ್ಕು ಜನರಿಗೆ ಧಾರಾಳವಾಗಿ ಆಗುತ್ತದೆ.

ಉಪ್ಪು ಯಾಕೆ ಅಂತ ಕೇಳಬೇಡಿ, ಒಮ್ಮೆ ಹಾಕದೆ ಮಾಡಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಹೀಗೇ ಮಾಡಿದೆ. ಚಾಕೊಲೇಟ್ ಬೆರೆಯದೆ ಮರಳು ಮರಳಾಗಿ ನಿಂತಿತು. ನನ್ನ ಮಿಕ್ಸಿಯದೇ ತೊಂದರೆ ಇರಬಹುದಾ?

ಪಾಪ, ಮಿಕ್ಸಿಯನ್ನು ಬೈಯಬೇಡಿ. ಟೋಫು ತಣ್ಣಗಿತ್ತು, ಅಲ್ವಾ? ಚಾಕೊಲೇಟ್‌ನಲ್ಲಿರುವ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ಅಂದರೆ ನಮ್ಮ ಬಾಯಿಯ ಬಿಸಿಗಿಂತ ಸ್ವಲ್ಪ ಕೆಳಗೆ. ಅದಕ್ಕೇ ನಾಲಿಗೆ ಮೇಲೆ ಇಟ್ಟರೆ ಕರಗುತ್ತದೆ, ಫ್ರಿಜ್‌ನ ತಂಪು ಟೋಫುವಿಗೆ ಸುರಿದರೆ ಬೆರೆಯುವ ಮೊದಲೇ ಸಣ್ಣ ಸಣ್ಣ ಚೂರಾಗಿ ಗಟ್ಟಿಯಾಗುತ್ತದೆ. ಹಾಗಾದರೂ ಎಸೆಯಬೇಡಿ. ಎಲ್ಲವನ್ನೂ ಒಂದು ಪಾತ್ರೆಗೆ ಹಾಕಿ, ಕೆಳಗೆ ಬಿಸಿನೀರಿಟ್ಟು, ಕೈಗೆ ಬೆಚ್ಚಗೆ ತಾಗುವವರೆಗೆ ಕಲಕಿ, ಮತ್ತೆ ಮಿಕ್ಸಿಗೆ ಹಾಕಿ. ಸರಿಹೋಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಚಾಕೊಲೇಟ್ ಕರಗಿಸುವಾಗ ಅದಕ್ಕೆ ಒಂದೆರಡು ಹನಿ ನೀರು ಬಿದ್ದರೂ ಸಾಕು, ಅದರ ಸಕ್ಕರೆಯೂ ಕೋಕೋ ಪುಡಿಯೂ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿಬಿಡುತ್ತವೆ. ಬಟ್ಟಲು, ಚಮಚ ಎರಡೂ ಒಣಗಿರಲಿ. ಮೈಕ್ರೋವೇವ್‌ನಲ್ಲಿ ಕರಗಿಸುವವರು ಅರ್ಧ ಪವರ್‌ನಲ್ಲಿ 30 ಸೆಕೆಂಡ್ ಇಟ್ಟು, ತೆಗೆದು ಕಲಕಿ, ಮತ್ತೆ ಇಡಿ. ಒಂದೇ ಸಲಕ್ಕೆ ಎರಡು ನಿಮಿಷ ಇಟ್ಟರೆ ಸುಟ್ಟ ವಾಸನೆ ಬರುತ್ತದೆ, ಅದನ್ನು ಸರಿ ಮಾಡಲು ಯಾವ ಉಪಾಯವೂ ಇಲ್ಲ.

ಪ್ರಶ್ನೆ: ಟೋಫು ಬೇಯಿಸದೆ ತಿನ್ನಬಹುದಾ?

ಪ್ಯಾಕೆಟ್‌ನಲ್ಲಿ ಸೀಲ್ ಆಗಿ ಬರುವುದನ್ನು ಧೈರ್ಯವಾಗಿ ತಿನ್ನಬಹುದು. ಸೋಯಾ ಹಾಲನ್ನು ಕುದಿಸಿದ ಮೇಲೇ ಟೋಫು ಮಾಡಿರುತ್ತಾರೆ. ನೀರಿನ ತೊಟ್ಟಿಯಲ್ಲಿಟ್ಟು ಬಿಡಿಯಾಗಿ ಮಾರುವ ಟೋಫು ಆದರೆ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆಯಿರಿ.

ಪ್ರಶ್ನೆ: ಮನೆಯಲ್ಲಿ ಎಲ್ಲರೂ ಸೋಯಾ ವಾಸನೆ ಅಂತ ಮೂಗು ಮುರಿಯುತ್ತಾರೆ. ಏನು ಮಾಡಲಿ?

ಟೋಫುವಿಗೆ ಹೇಳಿಕೊಳ್ಳುವಂಥ ರುಚಿ ಇಲ್ಲ, ವಾಸನೆ ಮಾತ್ರ ಸ್ವಲ್ಪ ಇದೆ. ಸೋಯಾ ಕಾಳನ್ನು ನೆನೆಸಿ ರುಬ್ಬುವಾಗ ಅದರಲ್ಲಿರುವ ಒಂದು ಕಿಣ್ವ ಕಾಳಿನ ಎಣ್ಣೆಯ ಮೇಲೆ ಕೆಲಸ ಮಾಡುತ್ತದೆ, ಹಸಿ ವಾಸನೆ ಹುಟ್ಟುವುದು ಅಲ್ಲಿಂದ. ಮೇಲೆ ಹೇಳಿದ ಹಾಗೆ ಬಿಸಿನೀರಿಗೆ ಹಾಕಿ ತೆಗೆದರೆ ಅರ್ಧ ಹೋಗುತ್ತದೆ. ಉಳಿದಿದ್ದನ್ನು ಮುಚ್ಚಲು ಜೋರಾದ ಜೊತೆಗಾರ ಬೇಕು. ಡಾರ್ಕ್ ಚಾಕೊಲೇಟ್ ಅದಕ್ಕೇ ನನಗಿಷ್ಟ. ಅರ್ಧ ಚಮಚ ಕಾಫಿ ಪುಡಿಯನ್ನು ಒಂದು ಚಮಚ ಬಿಸಿನೀರಿನಲ್ಲಿ ಕರಗಿಸಿ ಟೋಫುವಿಗೆ ಸೇರಿಸಿದರೆ ಇನ್ನೂ ಒಳ್ಳೆಯದು, ಆದರೆ ಅದು ನೀರಿನಲ್ಲಿ ಪೂರ್ತಿ ಕರಗುವ ಇನ್‌ಸ್ಟಂಟ್ ಪುಡಿಯೇ ಆಗಿರಬೇಕು. ತುರಿದ ಕಿತ್ತಳೆ ಸಿಪ್ಪೆಯೂ ನಡೆಯುತ್ತದೆ. ಬರೀ ಬಾಳೆಹಣ್ಣು ಹಾಕಿ, ‘ಟೋಫು ಅಂತ ಗೊತ್ತೇ ಆಗಲ್ಲ’ ಅಂತ ಹೇಳುವವರ ಮಾತು ನಾನು ನಂಬುವುದಿಲ್ಲ. ಗೊತ್ತಾಗುತ್ತದೆ.

ಹಾಗಂತ ಸಕ್ಕರೆ ಜಾಸ್ತಿ ಸುರಿದರೆ ವಾಸನೆ ಹೋಗುವುದಿಲ್ಲ, ಸಿಹಿ ಸೋಯಾ ಆಗುತ್ತದೆ ಅಷ್ಟೇ.

ಪ್ರಶ್ನೆ: ನನ್ನ ಹತ್ತಿರ ಗಟ್ಟಿ ಟೋಫು ಮಾತ್ರ ಇದೆ.

ಮಾಡಬಹುದು. ಮೂರು ನಾಲ್ಕು ದೊಡ್ಡ ಚಮಚ ಹಾಲು, ಯಾವ ಹಾಲಾದರೂ ಸರಿ, ಸೇರಿಸಿಕೊಂಡು ಜಾಸ್ತಿ ಹೊತ್ತು ತಿರುಗಿಸಿ. ಸ್ವಲ್ಪ ತರಿ ಉಳಿಯುತ್ತದೆ, ಮೂಸ್‌ಗಿಂತ ಚೀಸ್‌ಕೇಕ್ ಕಡೆಗೆ ಹೋಗುತ್ತದೆ. ಬಿಸ್ಕತ್ ಪುಡಿ ಮಾಡಿ ಬಟ್ಟಲಿನ ತಳಕ್ಕೆ ಹಾಕಿ ಮೇಲೆ ಇದನ್ನು ಹರಡಿ, ಹಾಗೇ ಮಾಡಬೇಕು ಅಂತಲೇ ಮಾಡಿದ್ದು ಅನ್ನಿಸುತ್ತದೆ.

ಪ್ರಶ್ನೆ: ಚಾಕೊಲೇಟ್ ಇಲ್ಲದೆ, ಹಣ್ಣಿನಿಂದ ಆಗುತ್ತದಾ?

ಆಗುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಮೂಸ್ ನಿಲ್ಲುವುದು ಕೋಕೋ ಬೆಣ್ಣೆಯ ಬಲದಿಂದ, ಹಣ್ಣಿನಲ್ಲಿ ಅದು ಎಲ್ಲಿ ಬರಬೇಕು? ಅದಕ್ಕೆ ಬೇರೆ ದಾರಿ ಹಿಡಿಯಿರಿ. ಮಾವಿನ ಹಣ್ಣನ್ನೋ ಸ್ಟ್ರಾಬೆರಿಯನ್ನೋ ಹೆಚ್ಚಿ ಫ್ರೀಜರ್‌ನಲ್ಲಿ ಕಲ್ಲಿನಂತೆ ಗಟ್ಟಿ ಮಾಡಿಟ್ಟುಕೊಳ್ಳಿ. ಟೋಫುವಿನಷ್ಟೇ ತೂಕದ ಹಣ್ಣು, ಸ್ವಲ್ಪ ನಿಂಬೆರಸ, ರುಚಿಗೆ ಸಕ್ಕರೆ. ಇಲ್ಲಿ ಟೋಫು ತಣ್ಣಗೇ ಇರಲಿ. ರುಬ್ಬಿದ ಕೂಡಲೇ ಮೆತ್ತನೆಯ ಐಸ್‌ಕ್ರೀಮ್ ಥರ ಇರುತ್ತದೆ, ಆಗಲೇ ತಿಂದುಬಿಡಬೇಕು.

ಪ್ರಶ್ನೆ: ಹಾಲು ತಿನ್ನದವರಿಗೂ ಮಕ್ಕಳಿಗೂ ಕೊಡಬಹುದಾ?

ಟೋಫುವಿನಲ್ಲಿ ಹಾಲಿಲ್ಲ, ಚಾಕೊಲೇಟ್‌ನಲ್ಲಿ ಇರಬಹುದು. ಡಾರ್ಕ್ ಅಂತ ಬರೆದಿದ್ದರೂ ಕೆಲವದರಲ್ಲಿ ಹಾಲಿನ ಪುಡಿ ಇರುತ್ತದೆ, ಪ್ಯಾಕೆಟ್ ಹಿಂದೆ ಏನೇನು ಹಾಕಿದ್ದಾರೆ ಅಂತ ಬರೆದಿರುವ ಪಟ್ಟಿ ಓದಿ. ಸೋಯಾ ಅಲರ್ಜಿ ಇರುವವರಿಗೆ ಇದು ಬೇಡವೇ ಬೇಡ. ನೆಂಟರ ಮುಂದೆ ಇಡುವ ಮೊದಲೇ ಕೇಳಿಬಿಡಿ, ತಿಂದ ಮೇಲೆ ‘ಅದರಲ್ಲಿ ಟೋಫು ಇತ್ತು’ ಅಂತ ಹೇಳಿ ಆಶ್ಚರ್ಯಪಡಿಸುವ ಆಟ ಒಳ್ಳೆಯದಲ್ಲ. ಸಕ್ಕರೆ ಬದಲು ಜೇನುತುಪ್ಪ ಹಾಕುವವರು ಒಂದು ವರ್ಷ ತುಂಬದ ಮಗುವಿಗೆ ಕೊಡಬೇಡಿ.

ಪ್ರಶ್ನೆ: ಉಳಿದರೆ?

ಮುಚ್ಚಳ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಮೇಲೆ ಸ್ವಲ್ಪ ನೀರು ಬಿಟ್ಟಿದ್ದರೆ ಚೆಲ್ಲಿ. ಫ್ರೀಜರ್‌ಗೆ ಹಾಕಬೇಡಿ, ಹೊರಗೆ ತೆಗೆದ ಮೇಲೆ ನೀರೊಡೆದು ನುಣುಪು ಹೋಗಿಬಿಡುತ್ತದೆ.