ಅಡ್ಜೆಕ್ಟಿವ್ ಕ್ಲಾಝ್ ಗುರುತಿಸುವಾಗ ಮೊದಲ ಪದ ನಂಬಬೇಡಿ

'ಇಂಗ್ಲಿಷ್ ವಾಕ್ಯದಲ್ಲಿ ಹೂ (who), ವಿಚ್ (which), ದಟ್ (that), ವೇರ್ (where) ಬಂದರೆ ಅದು ಅಡ್ಜೆಕ್ಟಿವ್ ಕ್ಲಾಝ್ ಅಂತ ಕಲಿತಿದ್ದೇನೆ, ಆದರೂ ಪದೇ ಪದೇ ತಪ್ಪಾಗುತ್ತದೆ, ಯಾಕೆ?' ಅಂತ ಕೇಳಿದ್ದೀರಿ. ನೀವು ಕಲಿತ ಆ ಸೂತ್ರವೇ ಅರ್ಧಂಬರ್ಧ. ಶುರುವಿನ ಪದ ನೋಡಿ ಕ್ಲಾಝ್ ಯಾವುದು ಅಂತ ಹೇಳಲು ಆಗುವುದಿಲ್ಲ. ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ಅಂತ ನೋಡಬೇಕು.

ಕ್ಲಾಝ್ ಅಂದರೆ ತನ್ನದೇ ಸಬ್ಜೆಕ್ಟ್ (ಕರ್ತೃ), ತನ್ನದೇ ಕ್ರಿಯಾಪದ ಇರುವ ಪದಗಳ ಗುಂಪು. ಒಂಟಿಯಾಗಿ ನಿಲ್ಲುವುದು ಮೇನ್ ಕ್ಲಾಝ್, ಇನ್ನೊಂದಕ್ಕೆ ಆತುಕೊಳ್ಳುವುದು ಸಬಾರ್ಡಿನೇಟ್ ಕ್ಲಾಝ್. ಈ ಎರಡನೆಯದರಲ್ಲೇ ನೌನ್ (ನಾಮಪದದ ಕೆಲಸ ಮಾಡುವುದು), ಅಡ್ಜೆಕ್ಟಿವ್ (ನಾಮಪದವನ್ನು ವರ್ಣಿಸುವುದು), ಅಡ್ವರ್ಬ್ (ಕ್ರಿಯೆ ಎಲ್ಲಿ, ಯಾವಾಗ, ಹೇಗೆ ಅಂತೆಲ್ಲ ಹೇಳುವುದು) ಅಂತ ಮೂರು ಬಗೆ.

ಈಗ 'ವೇರ್ ಹೀ ಲಿವ್ಸ್' ಅನ್ನುವ ಮೂರೇ ಪದ ತೆಗೆದುಕೊಳ್ಳಿ. 'ಐ ನೋ ವೇರ್ ಹೀ ಲಿವ್ಸ್': ಏನು ಗೊತ್ತು ಅನ್ನುವ ಪ್ರಶ್ನೆಗೆ ಉತ್ತರ, ಹಾಗಾಗಿ ನೌನ್ ಕ್ಲಾಝ್. 'ದಿಸ್ ಈಸ್ ದಿ ಹೌಸ್ ವೇರ್ ಹೀ ಲಿವ್ಸ್': ಯಾವ ಮನೆ ಅಂತ ಹೇಳುತ್ತಿದೆ, ಅಡ್ಜೆಕ್ಟಿವ್ ಕ್ಲಾಝ್. 'ಹೀ ವರ್ಕ್ಸ್ ವೇರ್ ಹೀ ಲಿವ್ಸ್': ಎಲ್ಲಿ ಕೆಲಸ ಮಾಡುತ್ತಾನೆ ಅಂತ ಹೇಳುತ್ತಿದೆ, ಅಡ್ವರ್ಬ್ ಕ್ಲಾಝ್. ಪದಗಳು ಒಂದೇ, ಕೆಲಸ ಮೂರು. ಅಡ್ಜೆಕ್ಟಿವ್ ಕ್ಲಾಝ್‌ಗೆ ಸಾಮಾನ್ಯವಾಗಿ ಹಿಂದೆಯೇ ಒಂದು ನಾಮಪದ ಇರುತ್ತದೆ. ಅದನ್ನು ಹಿಡಿದು 'ಯಾವ?' ಅಥವಾ 'ಎಂಥ?' ಅಂತ ಕೇಳಿ ನೋಡಿ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ನಾವು 'ನಾನು ಓದಿದ ಪುಸ್ತಕ' ಅಂತೀವಿ, ಅಲ್ವಾ? ವರ್ಣನೆ ಮೊದಲು, ನಾಮಪದ ಆಮೇಲೆ. ಇಂಗ್ಲಿಷ್‌ನಲ್ಲಿ ಇದು ತಿರುಗುಮುರುಗು: 'ದಿ ಬುಕ್ ದಟ್ ಐ ರೆಡ್'. ಈ 'ದಟ್' ಪುಸ್ತಕದ ಬದಲಿಗೇ ಕೂತಿದೆ. ಅದಕ್ಕೇ ಕೊನೆಗೆ 'ಇಟ್' ಸೇರಿಸಿ 'ದಿ ಬುಕ್ ದಟ್ ಐ ರೆಡ್ ಇಟ್' ಅನ್ನಬಾರದು. ಇಲ್ಲಿ 'ದಟ್' ಬಿಟ್ಟು ಸುಮ್ನೆ 'ದಿ ಬುಕ್ ಐ ರೆಡ್' ಅಂದರೂ ಸರಿ, ಯಾಕೆಂದರೆ ಅದು ಆಬ್ಜೆಕ್ಟ್ (ಕರ್ಮ). 'ದಿ ಮ್ಯಾನ್ ಹೂ ಕೇಮ್' ಅನ್ನುವಲ್ಲಿ 'ಹೂ' ಸಬ್ಜೆಕ್ಟ್, ಬಿಡುವ ಹಾಗಿಲ್ಲ.

ಜಾಸ್ತಿ ಜನ ಎಡವುವುದು 'ದಟ್' ಹತ್ತಿರ. 'ದಿ ನ್ಯೂಸ್ ದಟ್ ಹೀ ಬ್ರಾಟ್' ಮತ್ತು 'ದಿ ನ್ಯೂಸ್ ದಟ್ ಹೀ ಅರೈವ್ಡ್' ನೋಡಲು ಅವಳಿ ಜವಳಿ. ಮೊದಲನೆಯದರಲ್ಲಿ 'ಹೀ ಬ್ರಾಟ್' ಅಪೂರ್ಣ, ಏನು ತಂದ ಅನ್ನುವ ಜಾಗ ಖಾಲಿ ಇದೆ. ಆ ಖಾಲಿ ಜಾಗವೇ ಅಡ್ಜೆಕ್ಟಿವ್ ಕ್ಲಾಝ್‌ನ ಗುರುತು. ಎರಡನೆಯದರಲ್ಲಿ 'ಹೀ ಅರೈವ್ಡ್' ಪೂರ್ತಿಯಾಗಿದೆ. ಸುದ್ದಿ ಏನು ಅಂತ ಅದೇ ಹೇಳುತ್ತಿದೆ, ಹಾಗಾಗಿ ನೌನ್ ಕ್ಲಾಝ್. 'ದಟ್' ತೆಗೆದು 'ವಿಚ್' ಹಾಕಿ ನೋಡಿ, ಮೊದಲನೆಯದಕ್ಕೆ ಮಾತ್ರ ಒಪ್ಪುತ್ತದೆ.

ಕನ್ನಡಕ್ಕೆ ತಂದು ನೋಡುವವರು ಹುಷಾರಾಗಿರಬೇಕು. 'ಅವನು ತಂದ ಸುದ್ದಿ', 'ಅವನು ಬಂದ ಸುದ್ದಿ' ಎರಡೂ ಒಂದೇ ಅಚ್ಚಿನವು. ನಡುವೆ 'ಎಂಬ' ಸೇರಿಸಿದರೆ ಬಣ್ಣ ಬಯಲಾಗುತ್ತದೆ. 'ಅವನು ಬಂದ ಎಂಬ ಸುದ್ದಿ' ಅಂದರೆ ಅರ್ಥ ಹಾಗೇ ಉಳಿಯುತ್ತದೆ. 'ಅವನು ತಂದ ಎಂಬ ಸುದ್ದಿ' ಅಂದರೆ ಅರ್ಥವೇ ಬೇರೆಯಾಗುತ್ತದೆ. 'ಎಂಬ' ಹೊಂದಿದರೆ ನೌನ್ ಕ್ಲಾಝ್. ನನ್ನ ಮಟ್ಟಿಗೆ ಕನ್ನಡ ಬಲ್ಲವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಅಲ್ಪವಿರಾಮದ ಬಗ್ಗೆಯೂ ಒಂದು ಮಾತು. 'ಮೈ ಬ್ರದರ್ ಹೂ ಲಿವ್ಸ್ ಅಬ್ರಾಡ್' ಅಂದರೆ ಅಣ್ಣಂದಿರು ಹಲವರು, ಅವರಲ್ಲಿ ವಿದೇಶದಲ್ಲಿರುವವನು. 'ಹೂ' ಹಿಂದೆ ಅಲ್ಪವಿರಾಮ ಬಂದರೆ ಯಾರು ಅನ್ನುವುದು ಆಗಲೇ ಗೊತ್ತು, ಕ್ಲಾಝ್ ಬರೀ ಹೆಚ್ಚಿನ ಮಾಹಿತಿ. ಹೀಗೆ ಅಲ್ಪವಿರಾಮ ಇರುವ ಕಡೆ 'ಹೂ' ಅಥವಾ 'ವಿಚ್' ಬರೆಯಿರಿ, 'ದಟ್' ಬೇಡ.