ಗುಣವಾಯಿತೆಂದು ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ಖಿನ್ನತೆಗಾಗಿ ದಾವಣಗೆರೆಯ ಮನೋವೈದ್ಯರು ಬರೆದುಕೊಟ್ಟ ಎಸ್ಸಿಟಾಲೋಪ್ರಾಮ್ ಮಾತ್ರೆಯನ್ನು ಎರಡು ತಿಂಗಳಿನಿಂದ ಸೇವಿಸುತ್ತಿದ್ದೇನೆ. ಈಗ ಊಟ, ನಿದ್ದೆ ಸರಿಯಾಗಿವೆ. ಚಟವಾದೀತು, ಬಿಟ್ಟುಬಿಡು ಎಂದು ಅತ್ತೆಯವರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹೊನ್ನಾಳಿ

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಇದು ಮದ್ಯದಂತೆ ಚಟ ಹಿಡಿಸುವ ಔಷಧವಲ್ಲ. ಆದರೆ ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ರಾಭಂಗ, ಶಾಕ್ ಹೊಡೆದಂತಹ ಅನುಭವ ಉಂಟಾಗಬಹುದು, ಮನೆಯವರು ಅದನ್ನೇ ಚಟವೆಂದು ತಿಳಿಯುವುದುಂಟು. ಬೇಗ ನಿಲ್ಲಿಸಿದವರಲ್ಲಿ ಖಿನ್ನತೆ ಮರುಕಳಿಸುವ ಸಂಭವ ಹೆಚ್ಚಿರುವುದರಿಂದ, ಲಕ್ಷಣಗಳು ಮಾಯವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಚಿಕಿತ್ಸೆ ಮುಂದುವರಿಸಿ, ಬಳಿಕ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಒಂದು ದಿನ ಮರೆತರೆ ಮರುದಿನ ಎರಡು ಮಾತ್ರೆ ಒಟ್ಟಿಗೆ ನುಂಗಬೇಡಿ. ಮೈಕೈ ನೋವಿಗೆಂದು ಔಷಧದಂಗಡಿಯಲ್ಲಿ ಮಾತ್ರೆ ಕೇಳುವಾಗಲೂ ಈ ಚಿಕಿತ್ಸೆಯ ವಿಷಯ ತಿಳಿಸಿ: ಐಬುಪ್ರೊಫೇನ್ ಜೊತೆಯಾದರೆ ರಕ್ತಸ್ರಾವದ, ಟ್ರಮಡಾಲ್ ಜೊತೆಯಾದರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾಗುವ ಅಪಾಯವಿದೆ. ಗರ್ಭಧಾರಣೆಯ ಯೋಚನೆಯಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮುಂದಿನ ಭೇಟಿಗೆ ಅತ್ತೆಯವರನ್ನೂ ಕರೆದೊಯ್ಯಿರಿ. ಅವರ ಆತಂಕ ನಿಮ್ಮ ಮೇಲಿನ ಕಾಳಜಿಯಿಂದಲೇ ಹುಟ್ಟಿದ್ದು, ವೈದ್ಯರ ಬಾಯಿಂದ ಕೇಳಿದರೆ ಸಮಾಧಾನವಾದೀತು. ದಾವಣಗೆರೆಗೆ ಹೋಗಲಾಗದಾಗ, ಸಾಯುವ ಆಲೋಚನೆ ಸುಳಿದರಂತೂ ತಡಮಾಡದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ; ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.